ಹೆಸರು ಕೇಳಿದೊಡನೆ ಮುಚ್ಚುವ ಬಾಗಿಲು

ಮುಳಬಾಗಿಲಿನಲ್ಲೋ ಆವನಿಯಲ್ಲೋ ಓದಿ ಬೆಂಗಳೂರಿನಲ್ಲಿ ಉದ್ಯೋಗ ಪಡೆದ ತರುಣನಿಗೆ ಹಿರಿಯರು ನೀಡುವ ಸಲಹೆ ಸರಳವಾದುದು: ಕಚೇರಿಗೆ ಸಮೀಪವಿರಲಿ, ನೀರಿರಲಿ, ಮಕ್ಕಳಿಗೆ ಒಳ್ಳೆಯ ಶಾಲೆಯಿರಲಿ. ಆತ ಇವೆಲ್ಲವನ್ನೂ ಲೆಕ್ಕ ಹಾಕಿ ವೈಟ್‌ಫೀಲ್ಡ್‌ನಲ್ಲೋ ಕೆ.ಆರ್. ಪುರದಲ್ಲೋ ಮನೆ ಹುಡುಕುತ್ತಾನೆ. ಬಂಗಾರಪೇಟೆ, ಮಾಲೂರಿನ ರೈಲು ಆ ದಾರಿಯಲ್ಲೇ ಬರುತ್ತದೆ. 2023ರ ಮಾರ್ಚ್‌ನಿಂದ ಮೆಟ್ರೋ ಕೂಡ ಇದೆ. ಮನೆ ಒಪ್ಪಿಗೆಯಾಗುತ್ತದೆ, ಮುಂಗಡವೂ ನಿಗದಿಯಾಗುತ್ತದೆ. ಕೊನೆಗೆ ಹೆಸರು ಕೇಳುತ್ತಾರೆ. ಹೆಸರು ಮುಸ್ಲಿಮನದಾದರೆ ಎಷ್ಟೋ ಕಡೆ ಮನೆ ಆ ಕ್ಷಣದಲ್ಲೇ 'ಬೇರೆಯವರಿಗೆ' ಹೋಗಿಬಿಡುತ್ತದೆ. 'ಮಾಂಸಾಹಾರಿಗಳಿಗೆ ಕೊಡುವುದಿಲ್ಲ' ಎಂಬುದು ಇದರ ಸಭ್ಯ ರೂಪ. ಮಾಂಸ ತಿನ್ನುವವರೇ ಬಹುಸಂಖ್ಯಾತರಾಗಿರುವ ರಾಜ್ಯದಲ್ಲಿ ಈ ಮಾತು!

ಆತ ವಿಧಿಯಿಲ್ಲದೆ ಶಿವಾಜಿನಗರದತ್ತಲೋ ತಿಲಕ್‌ನಗರದತ್ತಲೋ ತಿರುಗಿದರೆ, 'ಇವರು ತಮ್ಮವರ ನಡುವೆಯೇ ಗುಂಪುಗೂಡುತ್ತಾರೆ' ಎಂಬ ಆರೋಪ ಸಿದ್ಧವಿರುತ್ತದೆ. ಬಾಗಿಲು ಮುಚ್ಚಿದವರೇ ಹೊರಗೆ ನಿಂತವನನ್ನು ಪ್ರತ್ಯೇಕತಾವಾದಿ ಎನ್ನುವುದು ಎಂಥ ನ್ಯಾಯ? 2024ರಲ್ಲಿ ರಾಜ್ಯ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಗೋರಿಪಾಳ್ಯವನ್ನು ಪಾಕಿಸ್ತಾನವೆಂದರು. ದೇಶದ ಯಾವ ಭಾಗವನ್ನೂ ಹಾಗೆ ಕರೆಯಕೂಡದೆಂದು ಸುಪ್ರೀಮ್ ಕೋರ್ಟ್ ಹೇಳಬೇಕಾಯಿತು. ವಿಷಾದ ವ್ಯಕ್ತವಾಯಿತು, ಪ್ರಕರಣ ಮುಗಿಯಿತು. ಆ ಹಣೆಪಟ್ಟಿಯಂತೂ ಅಳಿಯಲಿಲ್ಲ. ಅಭದ್ರತೆಯ ಭಯ ಮುಸ್ಲಿಮರನ್ನು ಒತ್ತೊತ್ತಾದ ಕೇರಿಗಳಿಗೆ ದೂಡುತ್ತಿದೆ, ಆ ಕೇರಿಗಳಿಗೆ ನಾಗರಿಕ ಸೌಲಭ್ಯ ತಲುಪುತ್ತಿಲ್ಲ ಎಂದು ಸಾಚಾರ್ ಸಮಿತಿ 2006ರಲ್ಲೇ ಬರೆದಿತ್ತು.

ಕಾನೂನು ಏನು ಹೇಳುತ್ತದೆ? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರೆತ್ತುತ್ತದೆ. ಬಾಡಿಗೆ ಮನೆಯ ಹೆಸರೆತ್ತುವುದಿಲ್ಲ. 2005ರಲ್ಲಿ ಸುಪ್ರೀಮ್ ಕೋರ್ಟ್, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ಅಹಮದಾಬಾದಿನ ವಸತಿ ಸಹಕಾರ ಸಂಘವೊಂದರ ನಿಯಮವನ್ನು ಎತ್ತಿಹಿಡಿಯಿತು. 2021ರ ಮಾದರಿ ಬಾಡಿಗೆ ಕಾಯ್ದೆಯೂ ಈ ತಾರತಮ್ಯದ ಬಗ್ಗೆ ಮೌನವಾಗಿದೆ. ಅಮೆರಿಕವಾದರೋ ಧರ್ಮದ ಹೆಸರಿನಲ್ಲಿ ಮನೆ ನಿರಾಕರಿಸುವುದನ್ನು 1968ರಲ್ಲೇ ನಿಷೇಧಿಸಿತು.

ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುವಂತಿಲ್ಲ. ಮನೆಯ ಮಾಲಕರು ನಮ್ಮಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿ ದಲಿತ ಕುಟುಂಬಕ್ಕೆ ಸಂತೋಷದಿಂದ ಬೀಗದ ಕೈ ಕೊಡುತ್ತಾರೆ? ಮಸೀದಿ ಸಮೀಪವಿದ್ದರೆ ಸಾಕು, ಗ್ರಂಥಾಲಯ, ಆಟದ ಮೈದಾನ, ಚರಂಡಿಗಳ ಬಗ್ಗೆ ಕೇಳುವುದೇ ಬೇಡ ಎಂಬ ಮನೋಭಾವವೂ ನಮ್ಮದೇ. ಮಗಳು ಕಾಲೇಜಿಗೆ ಎರಡು ಬಸ್ ಬದಲಿಸಬೇಕಾಗಿ ಬಂದಾಗ ಓದು ನಿಲ್ಲಿಸುವವರು ಮನೆ ಹಿಡಿಯುವಾಗ ಆ ದೂರವನ್ನು ಅಳೆದಿರುವುದಿಲ್ಲ.

ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. ಇಂದು ಬಸವನಗುಡಿಯಲ್ಲಿ ಅವರ ಹೆಸರಿನ ರಸ್ತೆಯೇ ಇದೆ. ಅದೇ ಊರಿನಿಂದ ಹೊರಡುವ ಇಂದಿನ ತರುಣ ಆ ರಸ್ತೆಯಲ್ಲಿ ಸನ್ಮಾನ ಕೇಳುತ್ತಿಲ್ಲ, ಬಾಡಿಗೆ ಕೊಟ್ಟು ಇರಲು ಎರಡು ಕೋಣೆ ಕೇಳುತ್ತಿದ್ದಾನೆ. ಅದನ್ನು ಧರ್ಮದ ಕಾರಣಕ್ಕೆ ನಿರಾಕರಿಸುವುದು ಶಿಕ್ಷಾರ್ಹವಾಗುವ ಕಾನೂನನ್ನು ರಾಜ್ಯ ವಿಧಾನಸಭೆಯೇ ತರಬಹುದು. ಮತ ಕೇಳಲು ಬರುವ ಅಭ್ಯರ್ಥಿಯನ್ನು ಶಾದಿ ಮಹಲಿನ ಅನುದಾನದ ಬಗ್ಗೆ ಕೇಳುವ ಮೊದಲು ಇದರ ಬಗ್ಗೆ ಕೇಳಬೇಕು.