ಅವರಿಗೆ ವಿಶ್ರಾಂತಿ, ನಮಗೆ ಶಾಂತಿ

ನವೆಂಬರ್ ಅಗಲಿದವರ ತಿಂಗಳು. 2ನೆಯ ತಾರೀಖಿನಂದು ಸಮಾಧಿಭೂಮಿಗೆ ತೆರಳಿ, ಮೇಣದ ಬತ್ತಿ ಹಚ್ಚಿ, ನಮ್ಮವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತೇವೆ. ಮೃತರ ಪರವಾಗಿ ದೇವರೊಡನೆ ಮಾತನಾಡುವುದು ನಮಗೆ ರೂಢಿ. ಮೃತರೇ ಆಡಿದ ಮಾತಿಗೆ ಕಿವಿಗೊಡುವುದು ಅಷ್ಟಾಗಿ ರೂಢಿಯಿಲ್ಲ. ಈ ಎರಡನ್ನೂ ಒಂದೆಡೆ ಕೂಡಿಸಿದ ಸಂಗೀತಕೃತಿಯೊಂದಿದೆ. ಇಂಗ್ಲೆಂಡಿನ ಬೆಂಜಮಿನ್ ಬ್ರಿಟ್ಟನ್ ರಚಿಸಿದ ಅದರ ಹೆಸರು ‘ವಾರ್ ರಿಕ್ವಿಯೆಮ್’, ಅಂದರೆ ಯುದ್ಧದಲ್ಲಿ ಮಡಿದವರಿಗಾಗಿ ಮೃತರ ಪೂಜೆ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳ ದಾಳಿಗೆ ಕೋವೆಂಟ್ರಿ ನಗರದ ಆಂಗ್ಲಿಕನ್ ಪ್ರಧಾನಾಲಯ ಸುಟ್ಟು ಪಾಳಾಯಿತು. ಆ ಪಾಳುಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಹೊಸ ಆಲಯವನ್ನು ಕಟ್ಟಿ, 1962ರ ಮೇ 25ರಂದು ಪ್ರತಿಷ್ಠಾಪಿಸಿದರು. ಆ ಸಂದರ್ಭಕ್ಕೆಂದು ಬರೆಸಿದ ಈ ಕೃತಿ ಮೇ 30ರಂದು ಅಲ್ಲಿ ಮೊದಲ ಬಾರಿಗೆ ಕೇಳಿಬಂತು. ಆಯುಧ ಹಿಡಿಯಲು ಒಪ್ಪದ ಬ್ರಿಟ್ಟನ್ ವಿಜಯಗೀತೆಯನ್ನು ಬರೆಯಲಿಲ್ಲ. ನಮ್ಮ ಧರ್ಮಸಭೆಯ ಲತೀನ್ ಮೃತರ ಪೂಜೆಯ ಪಠ್ಯವನ್ನು ತೆಗೆದುಕೊಂಡು, ಅದರ ನಡುನಡುವೆ ವಿಲ್ಫ್ರೆಡ್ ಓವೆನ್ ಎಂಬ ಸೈನಿಕನ ಒಂಬತ್ತು ಕವನಗಳನ್ನು ಹೆಣೆದರು.

ಯಾರು ಈ ಓವೆನ್? 1893ರಲ್ಲಿ ಹುಟ್ಟಿದವನು. ತಾರುಣ್ಯದಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಸಹಾಯಕನಾಗಿದ್ದು, ಕ್ರಮೇಣ ಅವರ ಸಭೆಯ ಬೋಧನೆಯಿಂದ ದೂರ ಸರಿದವನು. 1915ರಲ್ಲಿ ಸೈನ್ಯ ಸೇರಿ, ಶೆಲ್ಲುಗಳ ಆಘಾತದಿಂದ ಮನಸ್ಸು ಕದಡಿ, 1917ರಲ್ಲಿ ಎಡಿನ್‌ಬರೋ ಬಳಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಮರುವರ್ಷ ಮತ್ತೆ ರಣರಂಗಕ್ಕೆ ಮರಳಿದ. 1918ರ ನವೆಂಬರ್ 4ರಂದು ಫ್ರಾನ್ಸಿನ ಕಾಲುವೆಯೊಂದನ್ನು ದಾಟಿಸುವ ಕಾಳಗದಲ್ಲಿ ಗುಂಡಿಗೆ ಬಲಿಯಾದಾಗ ಅವನಿಗೆ 25 ವರ್ಷ. ಒಂದೇ ವಾರದಲ್ಲಿ ಯುದ್ಧ ನಿಂತಿತು. ಆ 11ನೆಯ ತಾರೀಖಿನಂದು ಊರಿನ ಘಂಟೆಗಳು ಶಾಂತಿಯನ್ನು ಸಾರುತ್ತಿದ್ದಾಗಲೇ ತಾಯಿಯ ಕೈಗೆ ಸಾವಿನ ತಂತಿ ಬಂತು. ಆ ತಾಯಿ 1920ರಲ್ಲಿ ನಮ್ಮ ರವೀಂದ್ರನಾಥ ಠಾಕೂರರಿಗೆ ಕಾಗದ ಬರೆದು, ಮಗ ಕೊನೆಯ ಬಾರಿ ಬೀಳ್ಕೊಂಡಾಗ ಗೀತಾಂಜಲಿಯ ಮಾತನ್ನೇ ಆಡಿದ್ದನೆಂದು ತಿಳಿಸಿದಳು.

ಕೃತಿಯ ರಚನೆಯಲ್ಲೇ ಒಂದು ಅರ್ಥವಿದೆ. ಲತೀನ್ ಪ್ರಾರ್ಥನೆ ಮಹಾಮೇಳಕ್ಕೆ, ಗಾಯಕವೃಂದಕ್ಕೆ, ಒಬ್ಬ ಗಾಯಕಿಗೆ ಸೇರಿದ್ದು. ಬಾಲಕರ ವೃಂದ ದೂರದಿಂದ ಹಾಡುತ್ತದೆ. ಸೈನಿಕನ ಕವನಗಳನ್ನು ಹನ್ನೆರಡೇ ವಾದ್ಯಗಾರರೊಡನೆ ಇಬ್ಬರು ಗಾಯಕರು ಹಾಡುತ್ತಾರೆ. ಮೊದಲ ಪ್ರದರ್ಶನದಲ್ಲಿ ಅವರಲ್ಲೊಬ್ಬರು ಆಂಗ್ಲರಾದ ಪೀಟರ್ ಪಿಯರ್ಸ್, ಇನ್ನೊಬ್ಬರು ಒಮ್ಮೆ ಜರ್ಮನ್ ಸೈನ್ಯದಲ್ಲಿದ್ದ ಡೀಟ್ರಿಚ್ ಫಿಶರ್-ಡೀಸ್ಕೌ. ರಷ್ಯದ ಗಲೀನಾ ವಿಷ್ನೆವ್‌ಸ್ಕಾಯಾ ಕೂಡ ಹಾಡಬೇಕಿತ್ತು, ಆದರೆ ಸೋವಿಯತ್ ಸರ್ಕಾರ ಅನುಮತಿ ಕೊಡಲಿಲ್ಲ.

ಕಾಣಿಕೆಯ ಪ್ರಾರ್ಥನೆಯ ಭಾಗವನ್ನು ಕೇಳಿದಾಗಲೆಲ್ಲ ಗುರುವಾದ ನಾನು ಬೆಚ್ಚುತ್ತೇನೆ. ದೇವರು ಅಬ್ರಹಾಮನಿಗೂ ಅವನ ಸಂತತಿಗೂ ಇತ್ತ ವಾಗ್ದಾನವನ್ನು ಗಾಯಕವೃಂದ ಸ್ಮರಿಸುತ್ತದೆ. ಒಡನೆಯೇ ಓವೆನ್ನನ ಕವನ ಆ ಕಥೆಯನ್ನು ತಿರುವಿ ಹೇಳುತ್ತದೆ. ಅಲ್ಲಿ ದೇವದೂತನು ತಡೆದರೂ ಮುದುಕ ಕೇಳುವುದಿಲ್ಲ, ಮಗನನ್ನು ಕೊಂದೇಬಿಡುತ್ತಾನೆ. ನಮ್ಮ ಭಾಷೆಯಲ್ಲಿ ‘ಬಲಿ’ ಎಂಬ ಒಂದೇ ಪದ ಪೂಜೆಗೂ ಸಲ್ಲುತ್ತದೆ, ಕೊಲೆಗೂ ಸಲ್ಲುತ್ತದೆ. ದೇವರು ಕೇಳಿದ ಬಲಿ ಯಾವುದು, ದೇವರ ಹೆಸರಿನಲ್ಲಿ ಹಿರಿಯರು ಕಿರಿಯರಿಂದ ಕೊಡಿಸುವ ಬಲಿ ಯಾವುದು? ಪೀಠದ ಮುಂದೆ ನಿಲ್ಲುವವನು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ.

ಆದರೂ ಒಂದು ಆಕ್ಷೇಪವಿದೆ. ಸತ್ತವರ ನೋವನ್ನು ಮಧುರ ಸಂಗೀತವಾಗಿಸಿ ಸಭಾಂಗಣದಲ್ಲಿ ಸುಖವಾಗಿ ಕುಳಿತು ಆಸ್ವಾದಿಸುವುದು ಸರಿಯೇ? ಈ ಸಂಶಯ ಹೊಸದಲ್ಲ. ಸಂತ ಅಗಸ್ಟೀನರು ತಮ್ಮ ‘ಪಾಪನಿವೇದನೆ’ಯ ಮೂರನೆಯ ಭಾಗದಲ್ಲಿ ನಾಟಕಶಾಲೆಯ ಕಣ್ಣೀರನ್ನು ಇದೇ ಪ್ರಶ್ನೆಯಿಂದ ಪರೀಕ್ಷಿಸಿದರು. ಅಲ್ಲಿ ಪ್ರೇಕ್ಷಕನಿಗೆ ಮರುಗಲು ಮಾತ್ರ ಆಹ್ವಾನ, ನೆರವಾಗಲು ಕರೆಯಿಲ್ಲ. ಅಂಥ ಮರುಕ ಕರುಣೆಯಲ್ಲ, ಕರುಣೆಯ ವಿಲಾಸ. ಬ್ರಿಟ್ಟನ್ನರ ಕೃತಿಯೂ ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅದು ಅಲ್ಲಿಗೆ ನಿಲ್ಲುವುದಿಲ್ಲ. ದೇವರ ಕುರಿಮರಿಯ ಪ್ರಾರ್ಥನೆಯನ್ನು ಗಮನಿಸಿ. ಹಳೆಯ ಲತೀನ್ ವಿಧಿಯ ಮೃತರ ಪೂಜೆಯಲ್ಲಿ ಈ ಪ್ರಾರ್ಥನೆ ಅವರಿಗೆ ವಿಶ್ರಾಂತಿಯನ್ನು ಬೇಡುತ್ತದೆ, ನಮಗೆ ಶಾಂತಿಯನ್ನಲ್ಲ. ನಮಗೆ ಶಾಂತಿಯನ್ನು ಬೇಡುವ ಮಾತು ಉಳಿದ ದಿನಗಳ ಪೂಜೆಗೆ ಸೇರಿದ್ದು. ಬ್ರಿಟ್ಟನ್ ಇಲ್ಲಿ, ಶೆಲ್ಲುಗಳು ಸೀಳಿದ ರಸ್ತೆಬದಿಯ ಶಿಲುಬೆಯನ್ನು ಕುರಿತ ಓವೆನ್ನನ ಕವನವನ್ನು ಹೆಣೆದಿದ್ದಾರೆ. ಅದು ಮುಗಿಯುತ್ತಲೇ, ಅದುವರೆಗೆ ಇಂಗ್ಲಿಷಿನಲ್ಲಷ್ಟೇ ಹಾಡುತ್ತಿದ್ದ ಸೈನಿಕನ ದನಿ ಮೆಲ್ಲನೆ ಲತೀನಿಗೆ ತಿರುಗಿ, ಮೃತರ ಪೂಜೆಯಲ್ಲಿಲ್ಲದ ಆ ಮಾತನ್ನು ಹಾಡುತ್ತದೆ: ನಮಗೆ ಶಾಂತಿ. ಇಡೀ ಕೃತಿಯಲ್ಲಿ ಆ ದನಿ ಲತೀನ್ ಹಾಡುವುದು ಇದೊಂದೇ ಕಡೆ. ನಾವು ಮೃತರಿಗಾಗಿ ಬೇಡುತ್ತಿದ್ದೆವು. ಇಲ್ಲಿ ಮೃತನೇ ನಮಗಾಗಿ ಬೇಡುತ್ತಾನೆ. ಕೇಳುಗ ಇನ್ನು ಪ್ರೇಕ್ಷಕನಾಗಿ ಉಳಿಯಲಾರ. ಅಗಸ್ಟೀನರ ಪ್ರಶ್ನೆಗೆ ಇದೇ ಉತ್ತರವೆಂದು ನನ್ನ ನಂಬಿಕೆ.

ಕೊನೆಯಲ್ಲಿ, ಕೊಂದವನೂ ಕೊಲ್ಲಲ್ಪಟ್ಟವನೂ ಸಾವಿನಾಚೆ ಸಂಧಿಸಿ ಒಟ್ಟಿಗೆ ನಿದ್ರೆಗೆ ಜಾರುತ್ತಾರೆ. ಅವರ ಮೇಲೆ ಬಾಲಕರು ಹಾಡುವುದು, ಶವವನ್ನು ದೇವಾಲಯದಿಂದ ಒಯ್ಯುವಾಗ ಧರ್ಮಸಭೆ ಹಾಡುವ ಪರಲೋಕದ ಗೀತೆಯನ್ನೇ. ಅಲ್ಲಿ ಶತ್ರು ಯಾರು, ಮಿತ್ರ ಯಾರು ಎಂಬ ಪ್ರಶ್ನೆಯಿಲ್ಲ.

ಈ ತಿಂಗಳು ಪ್ರಾರ್ಥನೆಗೆ ಕೂರುವ ಮುನ್ನ, ಅಗಲಿದವರು ಬರೆದಿಟ್ಟ ಒಂದು ಕಾಗದವಿದ್ದರೆ ಮನೆಮಂದಿಯೆಲ್ಲ ಕೂಡಿ ಓದಿರಿ. ಅವರಿಗಾಗಿ ವಿಶ್ರಾಂತಿಯನ್ನು ಬೇಡೋಣ. ಅವರು ನಮಗಾಗಿ ಬೇಡಿದ ಶಾಂತಿಗೆ ನಾವೇ ಅಡ್ಡಿಯಾಗದಿರೋಣ.