ಏರ್‌ಗನ್ನಿಗೆ ಈ ಮೂತಿ ಯಾಕೆ?

ಬಣವೆಯ ಹೆಗ್ಗಣಕ್ಕೆಂದು ಇಟ್ಟ ಏರ್‌ಗನ್ನಿನ ನಳಿಗೆಗೆ ಮಗ ಪೀಣ್ಯದ ಲೇತಿನಲ್ಲಿ ಮಜಲ್ ಬ್ರೇಕ್ ಮಾಡಿಸಿ ತಂದ. ಅಲ್ಲಿಂದ ಗುರಿ ಕೆಟ್ಟಿತು. ಹಲಗೆ ತಪ್ಪಿದ ಒಂದು ಗುಂಡು ಬೇಲಿಯಾಚೆ ಕೂಲಿಯವರ ಶೆಡ್ಡಿನ ತಗಡಿಗೆ ಬಡಿಯಿತು. ಒಳಗೆ ಮಗು ಮಲಗಿತ್ತು.

ಮಗ ಸೈಟು ತಿರುಗಿಸುತ್ತಾ ಕೂತ. ನಾನು ಬ್ರೇಕ್ ಬಿಚ್ಚಿ ನೋಡಿದೆ. ತೂತಿನ ಒಂದೇ ಮಗ್ಗುಲಿಗೆ ಸೀಸ ಮೆತ್ತಿತ್ತು. ತೂತು ನಳಿಗೆಗೆ ನೇರವಿಲ್ಲ, ಗುಂಡು ಸವರಿಕೊಂಡು ಹೋಗ್ತಿತ್ತು. ತೆಗೆದಿಟ್ಟು ಹೊಡೆದರೆ ಐದೂ ತೆಂಗಿನ ಚಿಪ್ಪಿಗೇ ಬಿದ್ದವು.

ಮದ್ದಿನ ರೈಫಲ್ಲಾದರೆ ಸರಿ, ಗ್ಯಾಸು ಪಕ್ಕಕ್ಕೆ ನುಗ್ಗಿ ಹಿಂದೊದೆತ ತಗ್ಗುತ್ತೆ. ಸ್ಪ್ರಿಂಗ್ ಗನ್ನಿನ ಒದೆತ ಒಳಗಿನ ಪಿಸ್ಟನ್ನಿನದು, ಮೂತಿಗೆ ಏನು ಕಟ್ಟಿದರೂ ನಿಲ್ಲಲ್ಲ. 2016ರ ನಿಯಮದಲ್ಲಿ 20 ಜೂಲ್ ಒಳಗಿನ 0.177 ಇಂಚಿನದಕ್ಕೆ ಲೈಸೆನ್ಸ್ ಬೇಡ ಅಂತ ನಾವು ಆಟದ ಸಾಮಾನು ಅಂದ್ಕೊಂಡಿದೀವಿ. ಸುತ್ತ ಲೇಔಟ್ ಎದ್ದಿರುವ ಆನೇಕಲ್ ಕಡೆ, ಗುರಿಯ ಹಿಂದೆ ಮಣ್ಣುದಿಬ್ಬ ಇಲ್ಲದೆ ಅದನ್ನು ಎತ್ತಲೇಬಾರದು. ಮಗ ಒಪ್ಪಿಲ್ಲ, ಇನ್ನೊಂದು ಮಾಡಿಸ್ತಾನಂತೆ.