ಗುಳಿಗೆಗೂ ಆರು ವಾರ ಕೊಡಿ

ಟಿಎಸ್‌ಎಚ್ ಜಾಸ್ತಿ ಬಂತು ಅಂತ ಡಾಕ್ಟರು ನನ್ನ ಥೈರಾಯ್ಡ್ ಗುಳಿಗೆಯನ್ನು 50ರಿಂದ 75 ಮೈಕ್ರೋಗ್ರಾಂಗೆ ಏರಿಸಿದರು. ಹತ್ತು ದಿನವಾದರೂ ಸುಸ್ತು ಹೋಗಲಿಲ್ಲ. ಇನ್ನೊಂದು ನುಂಗಿಬಿಡಲೇ ಅನಿಸಿತ್ತು.

ಮುಕ್ಕುಂದಕ್ಕೆ ಹೋದಾಗ ಅವ್ವ ಗಮನಿಸಿದಳು: ಗುಳಿಗೆ, ಹಿಂದೆಯೇ ಚಾ, ಜೊತೆಗೆ ಕಬ್ಬಿಣಾಂಶದ ಗುಳಿಗೆ. "ಎಲ್ಲಾ ಒಮ್ಮೆಗೇ ನುಂಗಾಕ ಡಾಕ್ಟರ್ ಹೇಳ್ಯಾರೇನು?"

ಫೋನ್ ಮಾಡಿ ಕೇಳಿದೆ. ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ನುಂಗಬೇಕು. ಚಾ, ನಾಷ್ಟಾ ಅರ್ಧ-ಒಂದು ತಾಸು ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ 4 ತಾಸು ಅಂತರ. ಡೋಸ್ ಬದಲಾದ ಮೇಲೆ 6-8 ವಾರಕ್ಕೆ ರಕ್ತಪರೀಕ್ಷೆ. ಅದಕ್ಕೂ ಮುಂಚೆ ಮಾಡಿಸಿದರೆ ಸರಿಯಾದ ಲೆಕ್ಕ ಸಿಗಲ್ಲ. ನಾವೇ ಹೆಚ್ಚು ನುಂಗಿದರೆ ಎದೆಬಡಿತ ಏರಬಹುದು.

"ಭತ್ತ ನಾಟಿ ಮಾಡಿದ ಮರುವಾರನ ಕೊಯ್ಯಾಕ ಬರ್ತದೇನವ್ವ?" ಅಂದಳು ಅವ್ವ.

ಈಗ ಗುಳಿಗೆ 6ಕ್ಕೆ, ಚಾ 7ಕ್ಕೆ. ಪರೀಕ್ಷೆ ಮುಂದಿನ ತಿಂಗಳು. ಅಲ್ಲಿವರೆಗೆ ಡೋಸ್ ನಾನು ಮುಟ್ಟಲ್ಲ. ನೀವೂ ಡಾಕ್ಟರನ್ನ ಕೇಳದೆ ಮುಟ್ಟಬೇಡಿ.